ಹತ್ತನೇ ನಂಬರಿನ ಬೂಟು

ನನ್ನ ಮಗ ಆ ದಿನ ಹೇಳಿದ್ದು ಎರಡೇ ಅಕ್ಷರದ ಸುಳ್ಳು.

ಅದಕ್ಕೆ ಮುಂಚೆ ನಾನು, ಅವನು, ಮೊಮ್ಮಗಳು ಮೂವರೂ ಆ ದೊಡ್ಡ ಊರಿನಲ್ಲಿ ಎರಡು ದಿನ ಕಾಲು ಸವೆಸಿದ್ದೆವು. ಮೊಮ್ಮಗಳಿಗೆ ಹಲ್ಲಿನ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಡಾಕ್ಟರಾಗುವುದಕ್ಕಲ್ಲ, ಹಲ್ಲು ಹೋದವರಿಗೆ ಹಲ್ಲಿನ ಸೆಟ್ಟು ಮಾಡುವ ಕೆಲಸ ಕಲಿಯುವುದಕ್ಕೆ. ನಮ್ಮದು ಬಸ್ಸಿನಲ್ಲಿ ಐದು ಗಂಟೆ ದೂರದ ಊರು, ಬಸ್ ನಿಲ್ದಾಣದ ಪಕ್ಕ ಬೂಟು ಚಪ್ಪಲಿ ರಿಪೇರಿ ಅಂಗಡಿ. ಮಗ ಬೂಟು ಹೊಲಿಯುತ್ತಾನೆ, ಸೊಸೆ ಅದೇ ಅಂಗಡಿಯಲ್ಲಿ ಮಿಷನ್ನು ಇಟ್ಟುಕೊಂಡು ಹರಿದ ಬ್ಯಾಗು ಹೊಲಿಯುತ್ತಾಳೆ. "ಅಪ್ಪ ಕಾಲಿಗೆ, ಮಗಳು ಬಾಯಿಗೆ. ಮಧ್ಯದಲ್ಲಿರೋ ಹೊಟ್ಟೆ ಮಾತ್ರ ನನ್ನ ಪಾಲಿಗೆ," ಎಂದು ಸೊಸೆ ನಗುತ್ತಿದ್ದಳು. ಮೊಮ್ಮಗಳನ್ನು ನಾವು ಕರೆಯುವುದು ಮೊಳೆ ಎಂದು. ಹುಟ್ಟಿದಾಗಿನಿಂದ ಸಣ್ಣಗೆ, ನೆಟ್ಟಗೆ ಇದ್ದಾಳೆಂದು ಅವಳಪ್ಪನೇ ಇಟ್ಟ ಹೆಸರು.

ಹಾಸ್ಟೆಲಿನ ಪಟ್ಟಿ ಅವಳಿಗಿಂತ ಏಳು ಹೆಸರು ಮೇಲೆಯೇ ನಿಂತುಹೋಗಿತ್ತು. ಹಾಗಾಗಿ ರೂಮು ಹುಡುಕಬೇಕಾಯಿತು. ಒಂದು ಕಡೆ ಹತ್ತಡಿಯ ಕೋಣೆಯಲ್ಲಿ ಎಂಟು ಹುಡುಗಿಯರು, ಕಿಟಕಿಗೆ ಹಲಗೆ ಬಡಿದು ಮುಚ್ಚಿದ್ದರು. ಇನ್ನೊಂದು ಕಡೆ ಬಾಗಿಲು ತೆರೆದವಳು, "ಒಂಟಿ ಹುಡುಗೀರಿಗೆ ಕೊಡಲ್ಲ, ಸಂಸಾರ ಇದ್ರೆ ಹೇಳಿ," ಎಂದು ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡಳು. ಮತ್ತೊಂದು ಕಡೆ ಒಬ್ಬ ಗಂಡಸು ನಮ್ಮಿಬ್ಬರಿಗೂ ಕುರ್ಚಿ ತೋರಿಸಿ, "ನೀವು ಇಲ್ಲೇ ಕೂತಿರಿ, ರೂಮು ಮೇಲಿದೆ, ಹುಡುಗಿ ಒಬ್ಬಳೇ ಬಂದು ನೋಡಲಿ," ಎಂದ. ಮಗ ಮೊಳೆಯ ಕೈ ಹಿಡಿದು ಬೀದಿಯ ಕೊನೆಯವರೆಗೂ ದರದರ ಎಳೆದುಕೊಂಡು ಹೋದ.

ಮೂರನೇ ದಿನ ಸಿಕ್ಕಿದ್ದು ಈ ಮನೆ. ಎರಡು ಮಹಡಿ. ಮೇಲೆ ಓನರಮ್ಮ ಒಬ್ಬರೇ. ಕೆಳಗೆ ಮೆಟ್ಟಿಲ ಅಡಿಯಲ್ಲಿ ಒಂದು ರೂಮು, ಮೂಲೆಯಲ್ಲಿ ಒಲೆ, ಪಕ್ಕದಲ್ಲಿ ಬಚ್ಚಲು. ಗೋಡೆ ಶುಭ್ರವಾಗಿತ್ತು, ಕಾಲೇಜಿಗೆ ಒಂದೇ ಬಸ್ಸು. ಓನರಮ್ಮನಿಗೆ ನನ್ನಷ್ಟೇ ವಯಸ್ಸು. ಮೆಟ್ಟಿಲ ಮೇಲೆಯೇ ನಿಂತು ಕೇಳಿದರು.

"ಯಾರ್ಯಾರು ಇರ್ತೀರಿ?"

"ನನ್ನ ಮಗಳು, ನಮ್ಮಮ್ಮ," ಎಂದ ಮಗ.

"ಗಂಡಸರಿಲ್ವಾ? ಹಾಗಾದ್ರೆ ಆಗಲ್ಲ. ಹೋದ ವರ್ಷ ಇಬ್ಬರು ಹುಡುಗೀರಿದ್ರು. ಸಾಕಾಯ್ತು ನನಗೆ. ಗಂಡಸು ಇರೋ ಸಂಸಾರಕ್ಕೆ ಮಾತ್ರ ಕೊಡೋದು."

ಮಗ ಮೊಳೆಯ ಮುಖ ನೋಡಿದ. ಆಮೇಲೆ ಹೇಳಿದ: "ನಾನೂ."

"ನೀವೂ?"

"ನಾನೂ ಇರ್ತೀನಿ. ಕೆಲಸಕ್ಕೆ ಬೆಳಿಗ್ಗೆ ಬೇಗ ಹೋಗ್ತೀನಿ, ಬರೋದು ಕತ್ತಲಾಗತ್ತೆ. ನಾನು ಕಾಣಿಸೋದು ಕಡಿಮೆ."

ಓನರಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಅಡ್ವಾನ್ಸು ತೆಗೆದುಕೊಂಡರು.

ಊರಿಗೆ ಹೋಗಿ ಹೇಳಿದಾಗ ಸೊಸೆ ಮಿಷನ್ನು ನಿಲ್ಲಿಸಿದಳು.

"ನೀವು ಅಲ್ಲಿದ್ರೆ ಇಲ್ಲಿ ಅಂಗಡಿ ಯಾರು ನೋಡ್ತಾರೆ?"

"ನಾನೆಲ್ಲಿ ಇರ್ತೀನಿ? ಭಾನುವಾರ ಹೋಗಿ ಮುಖ ತೋರಿಸಿ ಬರ್ತೀನಿ."

"ಮತ್ತೆ ಉಳಿದ ಆರು ದಿನ? ಸಿಕ್ಕಿಬಿದ್ರೆ ಬೀದಿಗೆ ಬೀಳೋದು ನನ್ನ ಮಗಳು, ನೀವಲ್ಲ. ಇಂಥ ಸುಳ್ಳು ಹೇಳೋ ಧೈರ್ಯ ಮೂರು ವರ್ಷದಿಂದ ರಿಪೇರಿ ದುಡ್ಡು ಕೊಡದ ಆ ಗಿರಾಕಿ ಮುಂದೆ ಎಲ್ಲಿ ಹೋಗಿತ್ತು?"

"ಅವಳ ಮುಖ ನೋಡಿದ್ರೆ ನೀನೂ ಹೇಳ್ತಿದ್ದೆ."

ಸೊಸೆ ಎದ್ದು ಅಂಗಡಿಯ ಮೇಲಿನ ಹಲಗೆಗೆ ಕೈ ಹಾಕಿದಳು. ರಿಪೇರಿಗೆ ಕೊಟ್ಟು ವಾಪಸ್ಸು ಬಾರದೆ ಹೋದ ಗಿರಾಕಿಗಳ ಬೂಟುಗಳು ಅಲ್ಲಿರುತ್ತಿದ್ದವು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಜೊತೆಯನ್ನು ಇಳಿಸಿದಳು. ಹತ್ತನೇ ನಂಬರು.

"ಇದನ್ನ ಬಾಗಿಲ ಹೊರಗೆ ಇಟ್ಟಿರಲಿ. ಒಳಗೆ ಗಂಡಸಿದಾನೆ ಅಂತ ಕಂಡವರು ಅಂದ್ಕೋತಾರೆ."

"ನನ್ನದು ಏಳನೇ ನಂಬರಲ್ವೇನೇ?"

"ಹೆದರಿಸೋದೇ ಆದ್ರೆ ಪೂರ್ತಿ ಹೆದರಿಸಿ."

ಮಗ ಬೂಟು ತೆಗೆದುಕೊಂಡು ಕೂತ. ಅಡಿಗೆ ಹೊಸ ಅಟ್ಟೆ ಹಾಕಿದ, ಅಟ್ಟೆಯ ಅಂಚಿಗೆ ಕಪ್ಪು ಹಚ್ಚಿದ, ಮುಖ ಕಾಣುವ ಹಾಗೆ ಪಾಲಿಶ್ ಮಾಡಿದ. ಅವನ ಅಂಗಡಿಯಿಂದ ಬೂಟು ಬೇರೆ ಥರ ಹೊರಗೆ ಹೋಗಿದ್ದೇ ಇಲ್ಲ.

ಹೀಗೆ ನಾನು, ಮೊಳೆ ಮತ್ತು ಆ ಬೂಟು ಮೆಟ್ಟಿಲ ಅಡಿಯ ರೂಮಿಗೆ ಬಂದೆವು. ಅಲ್ಲಿ ಊರಿನಲ್ಲಿ ಸೊಸೆ ಒಬ್ಬಳೇ ಅಡುಗೆಯನ್ನೂ ಮಿಷನ್ನನ್ನೂ ನೋಡಲಾಗದೆ, ಒಲೆ ಮಗನ ಪಾಲಿಗೆ ಬಂತು. ಫೋನಿನಲ್ಲಿ, "ಅತ್ತೆ, ನಿಮ್ಮ ಮಗ ದಿನಾ ಆಲೂಗಡ್ಡೆ ಬೇಯಿಸಿ ಮುಂದಿಡ್ತಾರೆ. ಉಪ್ಪು ಹಾಕೋಕೆ ಹೇಳಿಕೊಡದೆ ಬೆಳೆಸಿದೀರಲ್ಲ," ಎಂದು ದೂರು ಹೇಳುತ್ತಿದ್ದಳು.

ಮೊಳೆ ಒಂದು ಚೀಟಿ ಬರೆದು ಬಾಗಿಲ ಒಳಗಡೆ ಅಂಟಿಸಿದಳು. ನಾನು ಓದಿದ್ದು ಎರಡನೇ ಕ್ಲಾಸು. ಕೂಡಿಸಿ ಕೂಡಿಸಿ ಓದಿದೆ: ಸಂಜೆ ಏಳು, ಬೂಟು ಹೊರಗೆ. ಬೆಳಿಗ್ಗೆ ಎಂಟು, ಬೂಟು ಒಳಗೆ.

"ಅಜ್ಜಿ, ಎಂಟಾಯ್ತು. ಅಪ್ಪನ್ನ ಕೆಲಸಕ್ಕೆ ಕಳಿಸು," ಎನ್ನುತ್ತಿದ್ದಳು. ನಾನು ಬಾಗಿಲು ಸಂದು ಮಾಡಿ, ಅತ್ತಿತ್ತ ನೋಡಿ, ಬೂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ತರುತ್ತಿದ್ದೆ. ಮೊದಲ ಎರಡು ವಾರ ಹೆದರಿಕೆಯಲ್ಲೂ ನಮಗೆ ನಗು ಬರುತ್ತಿತ್ತು.

ಮೂರನೇ ವಾರ ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ತಲೆಯ ಮೇಲೆ ಸಪ್ಪಳ ಕೇಳಿಸಿತು. ಮೆಟ್ಟಿಲ ಅಡಿಯ ರೂಮಲ್ಲವೇ, ಯಾರು ಹತ್ತಿದರೂ ಇಳಿದರೂ ಗೊತ್ತಾಗುತ್ತದೆ. ಅದು ಗಂಡಸಿನ ಹೆಜ್ಜೆ, ಭಾರವಾಗಿ ಹತ್ತಿತು. ಆಮೇಲೆ ಇಳಿಯಿತು. ನಮ್ಮ ಬಾಗಿಲ ಮುಂದೆ ನಿಂತಿತು.

ಮೊಳೆ ನನ್ನ ತೋಳು ಹಿಡಿದಳು. ಪೂರ್ತಿ ಬೆಳಗಾದ ಮೇಲೆ ಬಾಗಿಲು ತೆಗೆದು ನೋಡಿದೆ. ಹೊರಗೆ ಮುಖ ಮಾಡಿ ಇಟ್ಟಿದ್ದ ಬೂಟು ಒಳಗೆ ಮುಖ ಮಾಡಿ ನಿಂತಿತ್ತು.

"ಯಾರೋ ತಿರುಗಿಸಿದಾರೆ," ಎಂದಳು ಮೊಳೆ.

"ಕಸ ಗುಡಿಸೋರ ಕೈ ತಗುಲಿರಬೇಕು."

"ಇಲ್ಲಿ ಗುಡಿಸೋದು ನೀನೇ ಅಲ್ವಾ ಅಜ್ಜಿ?"

ಎರಡು ದಿನ ಬಿಟ್ಟು ಮತ್ತೆ ಹೆಜ್ಜೆ. ಆ ಸಲ ಲೇಸಿಗೆ ಬೇರೆ ಥರದ ಗಂಟು ಬಿದ್ದಿತ್ತು. ಅದೇ ವಾರ ಮೊಳೆ ಇನ್ನೊಂದು ವಿಷಯ ಹೇಳಿದಳು. ಎದುರು ಅಂಗಡಿಯ ಹತ್ತಿರ ಹಸಿರು ಸ್ಕೂಟರಿನಲ್ಲಿ ಒಬ್ಬ ಕೂತಿರುತ್ತಾನೆ, ಏನೂ ಕೊಳ್ಳುವುದಿಲ್ಲ, ನಮ್ಮ ಬಾಗಿಲನ್ನೇ ನೋಡುತ್ತಾನೆ. ನಾನೂ ಕಿಟಕಿಯಿಂದ ನೋಡಿದೆ. ನಲವತ್ತರ ಪ್ರಾಯ, ಇಸ್ತ್ರಿ ಮಾಡಿದ ಅಂಗಿ. ನಾನು ನೋಡುತ್ತಿರುವುದನ್ನು ಕಂಡು ತಲೆಬಾಗಿಸಿ ನಮಸ್ಕಾರ ಮಾಡಿದ. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಅಂದಿನಿಂದ ಮೊಳೆ ತಟ್ಟೆಯಲ್ಲಿ ಕೈ ಆಡಿಸುವುದೇ ಆಯಿತು. ಕಾಲೇಜಿನಲ್ಲಿ ಅವಳು ಮಾಡಿದ ಮೇಣದ ಹಲ್ಲುಗಳು ಎರಡು ಸಲ ಮುರಿದವು. "ಕೈ ನಡುಗೋರಿಗೆ ಈ ಕೆಲಸ ಅಲ್ಲ," ಎಂದರಂತೆ ಮೇಷ್ಟ್ರು. ಮೊದಲ ಪರೀಕ್ಷೆ ಹತ್ತಿರ ಬಂದಿತ್ತು. ಅದಕ್ಕೆ ಕೂರದವರನ್ನು ವರ್ಷದ ಪರೀಕ್ಷೆಗೆ ಕೂರಿಸುವುದಿಲ್ಲವಂತೆ.

ಫೋನಿನಲ್ಲಿ ಸೊಸೆಗೆ ಎಲ್ಲ ಹೇಳಿದೆ.

"ಅತ್ತೆ, ಬೀಗ ಹಾಕಿ ಅವಳನ್ನ ಕರ್ಕೊಂಡು ಬಂದುಬಿಡಿ. ಅಡ್ವಾನ್ಸು ಹಾಳಾಗಿ ಹೋಗಲಿ."

ಮೊಳೆ ಫೋನು ಕಿತ್ತುಕೊಂಡಳು. "ಅಮ್ಮ, ಈಗ ಬಂದ್ರೆ ಮತ್ತೆ ಈ ಊರಿಗೆ ಬರೋಕೆ ನನ್ನ ಕಾಲೇ ಏಳಲ್ಲ."

"ಬರದಿದ್ರೆ ಬೇಡ. ನನ್ನ ಪಕ್ಕದಲ್ಲಿ ಕೂತು ಬ್ಯಾಗು ಹೊಲಿ."

"ನಾನು ಹಲ್ಲೇ ಮಾಡ್ತೀನಿ," ಎಂದು ಅಳುತ್ತಾ ಫೋನು ಇಟ್ಟಳು.

ಭಾನುವಾರ ಮಗ ಬಂದ. ಎಂದಿನಂತೆ ಮೆಟ್ಟಿಲ ಹತ್ತಿರ ನಿಂತು, ಮೇಲೆ ಕೇಳಿಸಲಿ ಎಂದು ಇಲ್ಲದ ಕೆಮ್ಮು ಕೆಮ್ಮಿದ. ಒಳಗೆ ಬಂದ ಕೂಡಲೆ ನಾನು ಬೂಟು ತಂದು ಅವನ ಮುಂದೆ ಇಟ್ಟೆ. ಅವನು ಅದನ್ನು ಮಗುಚಿ ಬೆಳಕಿಗೆ ಹಿಡಿದ.

"ಅಮ್ಮ, ಇದನ್ನ ಯಾರೋ ಹಾಕ್ಕೊಂಡು ನಡೆದಿದಾರೆ."

ಮೊಳೆ ಹಾಸಿಗೆಯ ಮೇಲೆ ಮೊಣಕಾಲು ಮಡಿಸಿಕೊಂಡು ಕೂತಳು.

"ನೋಡು, ಎಡಗಾಲಿನ ತುದೀಲಿ ನಾನು ಹಚ್ಚಿದ ಕಪ್ಪು ಉಜ್ಜಿಹೋಗಿದೆ. ಎಡಗಾಲು ಎಳ್ಕೊಂಡು ನಡೆಯೋರು. ಭಾರ ಎಲ್ಲ ಬಲ ಹಿಮ್ಮಡಿಗೆ." ಆಮೇಲೆ ಒಳಗೆ ಕೈ ಹಾಕಿ, ಕಣ್ಣು ಮುಚ್ಚಿ ತಡವಿದ. "ಒಳಗಿನ ಗುರುತು ಇಷ್ಟೇ ಇಷ್ಟು. ಚಿಕ್ಕ ಕಾಲು. ಗಂಡಸಿಂದಲ್ಲ ಇದು."

ಕೈ ಹೊರಗೆ ತೆಗೆದಾಗ ಅವನ ಬೆರಳಿಗೆ ಬೂದು ಬಣ್ಣದ ಉಲ್ಲನ್ನಿನ ಎಳೆ ಅಂಟಿಕೊಂಡಿತ್ತು. ಓನರಮ್ಮ ಕಾಲುನೋವಿಗೆ ಸದಾ ಉಲ್ಲನ್ನಿನ ಬೂದು ಕಾಲುಚೀಲ ಹಾಕಿಕೊಂಡಿರುವುದನ್ನು ನಾನು ನೋಡಿದ್ದೆ. ಮಗನೂ ನೋಡಿದ್ದ. ಯಾರ ಕಾಲಿಗೆ ಏನಿದೆ ಎಂದು ನೋಡದೆ ಅವನು ಯಾರ ಹತ್ತಿರವೂ ಮಾತಾಡಿದವನಲ್ಲ.

ಮೂವರೂ ಮೇಲೆ ಹೋದೆವು. ಓನರಮ್ಮ ಬಾಗಿಲು ತೆಗೆದರು.

"ಅಮ್ಮಾ, ನಿಮ್ಮ ಎಡಗಾಲಿಗೆ ಏನಾಗಿದೆ?" ಎಂದು ಮಗ ಕೇಳಿದ.

"ವಾಯು. ಯಾಕೆ?"

"ಆ ಬೂಟು ನಿಮಗೆ ಆರು ನಂಬರು ದೊಡ್ಡದು. ಮೆಟ್ಟಿಲ ಮೇಲೆ ಬಿದ್ರೆ ಸೊಂಟ ಉಳಿಯಲ್ಲ."

ಓನರಮ್ಮನ ಮುಖ ಸುಣ್ಣವಾಯಿತು. ಮೆಟ್ಟಿಲ ಕೆಳಗೆ ಇಣುಕಿ ನೋಡಿ, "ಒಳಗೆ ಬನ್ನಿ. ಬಾಗಿಲು ಹಾಕಿ," ಎಂದರು.

ಒಳಗೆ ಕೂತ ಮೇಲೆ ಅವರೂ ಬಿಡಲಿಲ್ಲ. "ನಿಮ್ಮ ಸುಳ್ಳು ನನಗೆ ಮೊದಲನೇ ವಾರವೇ ಗೊತ್ತಾಯ್ತು. ದುಡಿಯೋಕೆ ಹೋಗೋ ಗಂಡಸಿನ ಬೂಟು ಹಾಗಿರತ್ತಾ? ಧೂಳಿಲ್ಲ, ಮಣ್ಣಿಲ್ಲ, ಅಟ್ಟೆ ಅಂಚಿಗೂ ಪಾಲಿಶ್. ಸಾಲದ್ದಕ್ಕೆ ನಿಮ್ಮ ಕಾಲು ಇಷ್ಟು, ಬೂಟು ದೋಣಿಯಷ್ಟು."

ಮಗ ತಲೆ ತಗ್ಗಿಸಿದ. ಸುಳ್ಳಿಗಿಂತ ಹೆಚ್ಚಾಗಿ ಪಾಲಿಶಿನ ಮಾತಿಗೆ ನಾಚಿದ ಎಂದು ನನಗೆ ಅನ್ನಿಸಿತು.

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?" ಎಂದೆ ನಾನು.

ಅವರು ಪಕ್ಕದ ಗೋಡೆಯ ಕಿಟಕಿಯ ಪರದೆ ಸರಿಸಿದರು. ಗೋಡೆಯಾಚೆ ಇನ್ನೊಂದು ಮನೆ, ಅದರ ಅಂಗಳದಲ್ಲಿ ಹಸಿರು ಸ್ಕೂಟರು.

"ಅದು ನಮ್ಮ ಯಜಮಾನರ ಅಣ್ಣನ ಮಗ. ಈ ಮನೆ ಅವನ ಹೆಸರಿಗೆ ಬರ್ಕೊಡಬೇಕಂತೆ. ಒಂದು ದಿನಾನೂ ದನಿ ಎತ್ತಲ್ಲ. ಬರ್ತಾನೆ, ಕೂರ್ತಾನೆ, 'ಚಿಕ್ಕಮ್ಮ, ಒಬ್ಬರೇ ಇರ್ತೀರಿ, ಏನಾದ್ರೂ ಆದ್ರೆ ಯಾರಿಗೆ ಗೊತ್ತಾಗತ್ತೆ,' ಅಂತಾನೆ. ಹೋದ ವರ್ಷದ ಹುಡುಗೀರು ಅವನ ಕಾಟಕ್ಕೇ ಓಡಿಹೋದ್ರು. ಈಗ ಕೆಳಗೆ ಗಂಡಸು ಬಂದಿದಾನೆ ಅಂದೆ. ನಂಬಲಿ ಅಂತ ಬೆಳಗಿನ ಹೊತ್ತು ಆ ಬೂಟು ಹಾಕ್ಕೊಂಡು ಹತ್ತಿ ಇಳೀತೀನಿ. ಅವನ ಮಲಗೋ ಕೋಣೆ ಮೆಟ್ಟಿಲ ಗೋಡೆಗೇ ಅಂಟಿದೆ, ಸದ್ದೆಲ್ಲ ಕೇಳಿಸತ್ತೆ."

"ನಮ್ಮ ಜೀವ ಹೋಗಿ ಬಂತು," ಎಂದಳು ಮೊಳೆ.

"ನಂದು ದಿನಾ ಹೋಗತ್ತೆ," ಎಂದರು ಓನರಮ್ಮ.

ಮಗ ಕೇಳಿದ: "ಹಾಗಾದ್ರೆ ನಾವು ಖಾಲಿ ಮಾಡಬೇಕಾ?"

ಅವರು ಸ್ವಲ್ಪ ಹೊತ್ತು ಪರದೆಯ ಅಂಚು ಹಿಂಡುತ್ತಿದ್ದರು. "ಅವನಿಗೆ ಗೊತ್ತಾಗೋವರೆಗೆ ಇರಿ. ಗೊತ್ತಾದ ದಿನ ಹೋಗಬೇಕು. ಹೆದರೋರ ಜತೆ ಹೆದರೋರನ್ನ ಕೂಡಿಸ್ಕೊಂಡು ನಾನೇನು ಮಾಡ್ಲಿ?"

ಕೆಳಗೆ ಬಂದ ಮೇಲೆ ಮಗ ಮೊಳೆಯ ಬಟ್ಟೆಯನ್ನು ಚೀಲಕ್ಕೆ ತುಂಬತೊಡಗಿದ. ಅವಳು ಒಂದೊಂದನ್ನೇ ಹೊರಗೆ ತೆಗೆದಳು. ಅವನು ತುಂಬಿದ, ಅವಳು ತೆಗೆದಳು.

"ಬುಧವಾರ ಪರೀಕ್ಷೆ, ಅಪ್ಪ."

"ಅವನು ಮನೆಗೆ ನುಗ್ಗಿದ್ರೆ?"

"ಅವನಿಗೆ ನೀನು ಇಲ್ಲಿದೀಯ ಅಂತಲೇ ಗೊತ್ತು. ನೀನು ಊರಿಗೆ ಹೋಗೋದು ಮಾತ್ರ ಅವನಿಗೆ ಕಾಣಬಾರದು."

ಹಿಂದಿನ ಓಣಿಯಿಂದ ಅವನು ಕಳ್ಳನ ಹಾಗೆ ಬಸ್ಸಿಗೆ ಹೋದ. ಹೋಗುವಾಗ ಬೂಟಿಗೆ ಒಂದು ಹಿಡಿ ಮಣ್ಣು ಎರಚಿದ. ಎರಚುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದ.

ಬುಧವಾರ ಬೆಳಿಗ್ಗೆ ಪರೀಕ್ಷೆಯ ಗಡಿಬಿಡಿ. ಮೊಳೆ ಮೇಣದ ಪೆಟ್ಟಿಗೆಯ ಸಾಮಾನು ಎರಡು ಸಲ ಎಣಿಸಿದಳು, ನಾನು ಬ್ರೆಡ್ಡು ಕಾಯಿಸುತ್ತಿದ್ದೆ. ಎಂಟು ಗಂಟೆ ದಾಟಿದ್ದು ಇಬ್ಬರಿಗೂ ನೆನಪಾಗಲಿಲ್ಲ. ಬಾಗಿಲು ಬಡಿದ ಸದ್ದಿಗೆ ತೆಗೆದೆ. ಇಸ್ತ್ರಿ ಅಂಗಿಯವನು ನಿಂತಿದ್ದ.

"ನಮಸ್ಕಾರ ಅಜ್ಜಿ. ನಿಮ್ಮ ಮಗ ಇದಾರಾ? ಬೂಟು ಇಲ್ಲೇ ಇದೆ, ಇರಬೇಕು."

ನನ್ನ ಬಾಯಿಂದ, "ಇದಾನೆ," ಎಂದು ಬಂದುಬಿಟ್ಟಿತು.

"ಕರೀರಿ. ಒಂದು ಸಲ ಪರಿಚಯ ಆಗಲಿ."

"ಸ್ನಾನಕ್ಕೆ ಹೋಗಿದಾನೆ."

ಹಿಂದೆ ಬಚ್ಚಲ ಬಾಗಿಲು ಹಾಕಿದ ಸದ್ದು. ಆಮೇಲೆ ನಲ್ಲಿ ಜೋರಾಗಿ ಸುರಿಯತೊಡಗಿತು. ಮೊಳೆ ಒಳಗೆ ಸೇರಿಕೊಂಡಿದ್ದಳು.

"ಆಗಲಿ, ಕಾಯ್ತೀನಿ," ಎಂದು ಅವನು ಕರ್ಚೀಫು ಹಾಸಿ ಮೆಟ್ಟಿಲ ಮೇಲೆ ಕೂತ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವನು ಒಂದು ಬೂಟು ಎತ್ತಿ ಅಳತೆ ನೋಡಿದ.

"ದೊಡ್ಡ ಆಳು. ಎಲ್ಲಿ ಕೆಲಸ?"

"ಕಾರ್ಖಾನೇಲಿ."

"ಯಾವ ಕಾರ್ಖಾನೆ?"

"ನನಗೆ ಅದೆಲ್ಲ ಎಲ್ಲಿ ಗೊತ್ತಾಗತ್ತಪ್ಪ."

"ಮುಂಚೆ ಇದ್ದ ಹುಡುಗೀರೂ ಒಳ್ಳೆಯವರೇ," ಎಂದ ಅವನು ಮೆಲ್ಲಗೆ. "ಯಾಕೋ ಹೊರಟುಹೋದ್ರು. ನಿಮ್ಮ ಮೊಮ್ಮಗಳು ಬಸ್ಸಿಗೆ ನಿಲ್ಲೋದು ಆ ತಿರುವಿನಲ್ಲಿ ಅಲ್ವಾ? ದಿನಾ ನೋಡ್ತೀನಿ."

ನಾನು ಒಳಗೆ ತಿರುಗಿ ನೋಡಿದೆ. ಗೋಡೆಯ ಗಡಿಯಾರ ಎಂಟು ಮುಕ್ಕಾಲು, ಒಂಬತ್ತು, ಒಂಬತ್ತೂ ಹತ್ತು. ಪರೀಕ್ಷೆ ಹತ್ತಕ್ಕೆ, ಬಸ್ಸು ಕಾಲೇಜು ಮುಟ್ಟಲು ಅರ್ಧ ಗಂಟೆ ಬೇಕು. ನೀರು ಸುರಿಯುತ್ತಲೇ ಇತ್ತು. ಆಮೇಲೆ ಸಣ್ಣದಾಯಿತು. ನೂಲಿನಷ್ಟಾಗಿ, ತೊಟ್ಟಿಕ್ಕಿ, ನಿಂತೇಹೋಯಿತು.

"ಸ್ನಾನ ಮುಗೀತು ಅನ್ಸತ್ತೆ," ಎಂದು ಅವನು ಎದ್ದು ನಿಂತ.

ಬಚ್ಚಲ ಬಾಗಿಲು ತೆರೆಯಿತು. ಮೊಳೆ ಹೊರಗೆ ಬಂದಳು. ಮೊಣಕೈವರೆಗೂ ಒದ್ದೆ, ತುಟಿ ಬಿಳಿಚಿಕೊಂಡಿತ್ತು. ಮೇಣದ ಪೆಟ್ಟಿಗೆ ತೆಗೆದುಕೊಂಡು ನನ್ನನ್ನು ದಾಟಿ ಅವನ ಎದುರಿಗೆ ನಿಂತಳು.

"ನಮ್ಮಪ್ಪ ಇಲ್ಲ. ಇಲ್ಲಿ ಇರೋದು ನಾನು, ನಮ್ಮಜ್ಜಿ. ನನಗೆ ಪರೀಕ್ಷೆ ಇದೆ, ದಾರಿ ಬಿಡಿ."

ಅವನಿಗೆ ನಗು ಬಂತು. ಅಷ್ಟರಲ್ಲಿ ಮೇಲಿನಿಂದ, "ಟ್ಯಾಂಕಿನ ನೀರೆಲ್ಲ ಯಾರು ಬಿಟ್ಟಿದ್ದು?" ಎಂದು ಕೇಳುತ್ತಾ ಓನರಮ್ಮ ಇಳಿದು ಬಂದವರು ಅರ್ಧ ಮೆಟ್ಟಿಲಲ್ಲೇ ನಿಂತರು.

"ಚಿಕ್ಕಮ್ಮ," ಎಂದು ಅವನು ಮೊಳೆಯನ್ನು ತೋರಿಸಿದ, "ಇದೇನಾ ನಿಮ್ಮ ಗಂಡಸು?"

ಓನರಮ್ಮ ಮೆಟ್ಟಿಲ ಕಟಕಟೆ ಹಿಡಿದುಕೊಂಡರು. ಅವನನ್ನು ನೋಡಿದರು, ನನ್ನನ್ನು ನೋಡಿದರು. ರೂಮು ಹೋಯಿತು ಎಂದುಕೊಂಡೆ. ಪಾತ್ರೆಗಳನ್ನು ಯಾವ ಚೀಲಕ್ಕೆ ತುಂಬಬೇಕು ಎಂದು ಯೋಚನೆ ಬಂದದ್ದೂ ನೆನಪಿದೆ. ಆಮೇಲೆ ಅವರ ಕಣ್ಣು ಮೊಳೆಯ ಒದ್ದೆ ತೋಳಿನ ಮೇಲೆ ನಿಂತಿತು.

"ಎಷ್ಟು ಗಂಟೆಗೆ ಪರೀಕ್ಷೆ?"

"ಹತ್ತಕ್ಕೆ."

"ಮತ್ತೆ ಇನ್ನೂ ಇಲ್ಲಿ ಏನ್ ಮಾಡ್ತಿದೀಯ? ಓಡು."

ಮೊಳೆ ಓಡಿದಳು. ಓನರಮ್ಮ ಎಡಗಾಲು ಎಳೆದುಕೊಂಡು ಉಳಿದ ಮೆಟ್ಟಿಲುಗಳನ್ನು ಇಳಿದರು. ಅವರ ದನಿ ನಡುಗುತ್ತಿತ್ತು, ಆದರೂ ಬೀದಿಗೆಲ್ಲ ಕೇಳಿಸುವ ಹಾಗೆ ಹೇಳಿದರು: "ನೀನು ಪಕ್ಕಕ್ಕೆ ಸರಿ. ಇದು ನನ್ನ ಮೆಟ್ಟಿಲು. ನಾನು ಏನೂ ಬರ್ಕೊಡಲ್ಲ."

ಎದುರು ಅಂಗಡಿಯವನು ತಕ್ಕಡಿ ಬಿಟ್ಟು ಈ ಕಡೆ ನೋಡಿದ. ಇಸ್ತ್ರಿ ಅಂಗಿಯವನು ಕರ್ಚೀಫು ಮಡಿಸಿ ಜೇಬಿಗೆ ಹಾಕಿಕೊಂಡು, "ನೋಡೋಣ ಚಿಕ್ಕಮ್ಮ, ದಿನ ಬೇಕಾದಷ್ಟಿವೆ," ಎಂದ. ರಸ್ತೆ ದಾಟಿ ಸ್ಕೂಟರಿನ ಮೇಲೆ ಕೂತ. ಅಲ್ಲಿಂದ ಕದಲಲಿಲ್ಲ.

ಓನರಮ್ಮ ಮೇಲೆ ಹೋಗಿ ಒಂದು ಮೊರದ ತುಂಬ ಹಸಿ ಬಟಾಣಿ ತಂದು ನನ್ನ ಪಕ್ಕ ಕೂತರು. "ಒಳಗೆ ಕೂತ್ರೆ ಎದೆ ಒಡೆಯತ್ತೆ. ಇಲ್ಲಿ ನಾಲ್ಕು ಜನ ಓಡಾಡ್ತಾರೆ," ಎಂದರು. ಇಬ್ಬರೂ ಸುಲಿಯತೊಡಗಿದೆವು. ಕಣ್ಣು ರಸ್ತೆಯ ಮೇಲೆ, ಕಾಳೆಲ್ಲ ಮೆಟ್ಟಿಲ ಕೆಳಗೆ ಉರುಳುತ್ತಿದ್ದವು. ಹನ್ನೊಂದಾಯಿತು, ಹನ್ನೆರಡಾಯಿತು. ತಿರುವಿನಲ್ಲಿ ಬಸ್ಸು ನಿಂತಾಗಲೆಲ್ಲ ಇಬ್ಬರೂ ಕತ್ತು ಎತ್ತುತ್ತಿದ್ದೆವು. ಅವನೂ ಎತ್ತುತ್ತಿದ್ದ.

ಒಂದೂವರೆಗೆ ಮೊಳೆ ಇಳಿದಳು. ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು, ಸ್ಕೂಟರಿನ ಕಡೆ ನೋಡದೆ, ನೆಟ್ಟಗೆ ನಡೆದು ಬಂದಳು.

"ಹತ್ತು ನಿಮಿಷ ತಡ ಆಯ್ತು. ಒಳಗೆ ಬಿಟ್ರು," ಎಂದಳು. "ಒಂದು ಹಲ್ಲು ಸೊಟ್ಟ ಬಂತು." ಆಮೇಲೆ ಓನರಮ್ಮನ ಕಡೆ ತಿರುಗಿ, "ನಾವು ಯಾವತ್ತು ಖಾಲಿ ಮಾಡಬೇಕು?" ಎಂದು ಕೇಳಿದಳು.

ಓನರಮ್ಮ ಸಿಪ್ಪೆ ಕೊಡವಿದರು.

"ನಿನ್ನ ಓದು ಎಷ್ಟು ವರ್ಷದ್ದು?"

"ಎರಡು ವರ್ಷ."

"ಎರಡು ವರ್ಷ!" ಎಂದು ಅವರು ರಸ್ತೆಯಾಚೆ ನೋಡಿ, ನನ್ನನ್ನು ನೋಡಿದರು. "ದಿನಾ ಹೀಗೆ ಕಾವಲು ಕೂರೋಕೆ ಅಷ್ಟು ಬಟಾಣಿ ಎಲ್ಲಿಂದ ತರೋದು ನಾವಿಬ್ಬರು?"

ಸ್ಕೂಟರು ಇನ್ನೂ ಅಲ್ಲೇ ಇತ್ತು. ನಾನು ಸ್ವಲ್ಪ ಸರಿದು, ನಮ್ಮಿಬ್ಬರ ನಡುವೆ ಮೊಳೆಗೆ ಕೂರಲು ಜಾಗ ಬಿಟ್ಟೆ.